ಟೈರಿನ ಗಾಳಿ ಗಂಡಸರ ಕೆಲಸವೇ?

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಅದು ಮೊದಲು ಗೊತ್ತಾಗುವುದು ನಮಗೆ. ಸೀಟಿಯ ಸದ್ದು ಸ್ವಲ್ಪ ಬದಲಾದರೂ ಪಕ್ಕದ ಕೋಣೆಯಿಂದ ಎದ್ದು ಬರುತ್ತೇವೆ. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡದೆ ಮಲಗುವುದಿಲ್ಲ. ಮಗುವಿಗೆ ಹಾಲು ಕೊಡುವ ಮುಂಚೆ ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡುತ್ತೇವೆ. ಆದರೆ ಅದೇ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಾರು ಹತ್ತುವಾಗ, ಆ ಕಾರು ಯಾವುದರ ಮೇಲೆ ನಿಂತಿದೆ ಎಂದು ಬಗ್ಗಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ?

ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಕುಕ್ಕರ್ ಸೀಟಿ ಹೊಡೆಯುವಾಗ ಅದರೊಳಗಿನ ಹೆಚ್ಚುವರಿ ಒತ್ತಡ ಚದರ ಇಂಚಿಗೆ ಸುಮಾರು 15 ಪೌಂಡ್. ಸಾಧಾರಣ ಕಾರಿನ ಟೈರಿನಲ್ಲಿ ಇರುವುದು 30 ಪೌಂಡಿನ ಆಸುಪಾಸು. ಅಂದರೆ ಕುಕ್ಕರಿನ ಇಮ್ಮಡಿ. ಅಂಥ ನಾಲ್ಕು ಕುಕ್ಕರುಗಳ ಮೇಲೆ ನಾವು, ನಮ್ಮ ಮಕ್ಕಳು, ನಮ್ಮ ವಯಸ್ಸಾದ ಅತ್ತೆ-ಮಾವ ಕುಳಿತು ಘಟ್ಟ ಇಳಿಯುತ್ತೇವೆ. ಅಡುಗೆಮನೆಯ ಕುಕ್ಕರ್ ನಮ್ಮ ಜವಾಬ್ದಾರಿ, ರಸ್ತೆಯ ಮೇಲಿನದ್ದು ಗಂಡಸರ ಜವಾಬ್ದಾರಿ ಎಂದು ಹಂಚಿಕೊಟ್ಟವರು ಯಾರು?

ನಾನು ಹುಟ್ಟಿದ್ದು ಯಲ್ಲಾಪುರದಲ್ಲಿ, ಮದುವೆಯಾಗಿ ಬಂದದ್ದು ವಜ್ರಳ್ಳಿಗೆ. ನನ್ನ ಅಬ್ಬಾ ಲಾರಿ ಡ್ರೈವರ್. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಅವರ ಅರ್ಧ ಆಯುಷ್ಯ ಕಳೆದಿದೆ. ಆಗ ಅದಕ್ಕೆ 63 ಎಂಬ ನಂಬರು ಇತ್ತು, ಈಗ 52. ನಂಬರು ಬದಲಾದರೂ ಅರಬೈಲ್ ಘಟ್ಟದ ತಿರುವುಗಳು ಅವೇ. 2000ದ ದಶಕದಲ್ಲಿ ಬಳ್ಳಾರಿ ಕಡೆಯ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಇಳಿಯುತ್ತಿದ್ದುದನ್ನು ನಮ್ಮ ಕಡೆಯವರು ಮರೆತಿಲ್ಲ. ರಸ್ತೆ ಹೊಂಡ ಬಿದ್ದು, ಎಲೆಗಳೆಲ್ಲ ಕೆಂಪಾಗಿ, ವಾರಕ್ಕೊಂದಾದರೂ ಲಾರಿ ಮಗುಚಿದ ಸುದ್ದಿ ಮನೆಗೆ ಬರುತ್ತಿತ್ತು. ಸುದ್ದಿ ಬಂದಾಗಲೆಲ್ಲ ಅಮ್ಮಿ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಅಬ್ಬಾ ಮನೆಯಿಂದ ಹೊರಡುವ ಮುಂಚೆ ಒಂದು ಮರದ ದೊಣ್ಣೆ ಹಿಡಿದು ಲಾರಿಯ ಸುತ್ತ ಬರುತ್ತಿದ್ದರು. ಒಂದೊಂದು ಚಕ್ರಕ್ಕೂ ಒಂದೊಂದು ಪೆಟ್ಟು. ಗಾಳಿ ತುಂಬಿದ ಟೈರು 'ಟಣ್' ಎನ್ನುತ್ತದೆ, ಗಾಳಿ ಇಳಿದದ್ದು 'ದಬ್' ಎನ್ನುತ್ತದೆ. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದು ಪಂಚರ್ ಆಗಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಹೊರಗಿನದು ಭಾರ ಹೊತ್ತು ನಿಂತಿರುತ್ತದೆ. ಅದಕ್ಕೇ ಆ ದೊಣ್ಣೆ. ಒಂದು ಸಲ ನಾನು, "ಅಬ್ಬಾ, ದಿನಾ ಯಾಕೆ ಹೊಡೀತೀರಿ? ನಿನ್ನೆ ತಾನೇ ನೋಡಿದ್ರಲ್ಲ?" ಎಂದು ಕೇಳಿದ್ದೆ. "ನಿನ್ನೆಯ ಗಾಳಿ ನಿನ್ನೆಗೆ, ಬೇಟಾ" ಎಂದಿದ್ದರು. ನನಗೆ ಟೈರಿನ ಮೊದಲ ಪಾಠ ಅದೇ.

ಕಾರಿನ ಟೈರಿಗೆ ದೊಣ್ಣೆ ಸಾಲದು. ಈಗಿನ ರೇಡಿಯಲ್ ಟೈರುಗಳು ಸರಿಯಾದ ಗಾಳಿ ಇದ್ದಾಗಲೂ ಕೆಳಗೆ ಕೊಂಚ ಉಬ್ಬಿದಂತೆಯೇ ಕಾಣುತ್ತವೆ. ಹತ್ತು ಪೌಂಡ್ ಕಡಿಮೆಯಾಗಿದ್ದರೂ ನೋಟಕ್ಕೆ ಗೊತ್ತಾಗದು. ಕಾಲಿನಿಂದ ಒದ್ದು "ಗಾಳಿ ಸರಿ ಇದೆ" ಎನ್ನುವವರನ್ನು ನಂಬಬೇಡಿ. ಒಂದು ಸಣ್ಣ ಗಾಳಿ ಮೀಟರ್ ಬೇಕು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದರೂ ಥರ್ಮಾಮೀಟರ್ ಇಡುತ್ತೇವಲ್ಲ, ಹಾಗೆ.

ಎಷ್ಟು ಗಾಳಿ ಬೇಕು ಎಂಬುದನ್ನು ಕಾರಿನವರೇ ಬರೆದಿರುತ್ತಾರೆ. ಡ್ರೈವರ್ ಬಾಗಿಲು ತೆರೆದಾಗ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ, ಇಲ್ಲವೇ ಕಾರಿನ ಜೊತೆ ಬರುವ ಪುಸ್ತಕದಲ್ಲಿ ಇರುತ್ತದೆ. ಇಬ್ಬರು ಕುಳಿತಾಗ ಎಷ್ಟು, ಗಾಡಿ ತುಂಬಿದಾಗ ಎಷ್ಟು ಎಂದು ಕೆಲವು ಚೀಟಿಗಳಲ್ಲಿ ಬೇರೆ ಬೇರೆ ಬರೆದಿರುತ್ತದೆ. ಟೈರಿನ ಪಕ್ಕದಲ್ಲೇ ಕೆತ್ತಿರುವ ದೊಡ್ಡ ಅಂಕಿಯನ್ನು ನೋಡಿ ಅಷ್ಟು ಗಾಳಿ ಹಾಕಿಸುವವರಿದ್ದಾರೆ. ಅದು ಆ ಟೈರು ತಾಳಿಕೊಳ್ಳಬಲ್ಲ ಗರಿಷ್ಠ ಮಿತಿ, ನಮ್ಮ ಕಾರಿಗೆ ಬೇಕಾದ ಅಳತೆಯಲ್ಲ. ಪಾತ್ರೆ ಐದು ಸೇರಿನದೆಂದು ನಾಲ್ಕು ಜನರ ಮನೆಯಲ್ಲಿ ಐದು ಸೇರು ಅನ್ನ ಮಾಡುತ್ತೇವೆಯೇ?

ಗಾಳಿ ನೋಡಬೇಕಾದದ್ದು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ. ಓಡಿ ಬಂದ ಟೈರು ಬಿಸಿಯಾಗಿ ಒಳಗಿನ ಒತ್ತಡ ನಾಲ್ಕೈದು ಪೌಂಡ್ ಏರಿರುತ್ತದೆ. ಆ ಹೊತ್ತಿನಲ್ಲಿ ಮೀಟರ್ ಹಿಡಿದು, "ಜಾಸ್ತಿ ಇದೆ" ಎಂದು ಗಾಳಿ ಬಿಟ್ಟರೆ, ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಹವೆ ಐದಾರು ಡಿಗ್ರಿ ತಂಪಾದರೂ ಸುಮಾರು ಒಂದು ಪೌಂಡ್ ಇಳಿಯುತ್ತದೆ. ಏಪ್ರಿಲ್ ಸೆಖೆಯಲ್ಲಿ ಸರಿ ಇದ್ದ ಗಾಳಿ ಜುಲೈ ಮಳೆಯಲ್ಲಿ ಸರಿ ಇರುವುದಿಲ್ಲ. ಯಾವ ತೂತೂ ಇಲ್ಲದ ಟೈರಿನಲ್ಲಿಯೂ ರಬ್ಬರಿನ ಮೂಲಕ ಗಾಳಿ ನಿಧಾನವಾಗಿ ಸೋರುತ್ತಲೇ ಇರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ನೋಡಬೇಕು, ದೂರ ಪ್ರಯಾಣದ ಮುಂಚೆ ಮತ್ತೊಮ್ಮೆ. ಹಿಂದೆ ಮಲಗಿರುವ ಸ್ಟೆಪ್ನಿಯನ್ನೂ ಮರೆಯಬಾರದು. ಬೇಕಾದ ದಿನ ಅದರಲ್ಲೇ ಗಾಳಿ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಗಾಳಿ ಕಡಿಮೆಯಾದರೆ ಏನಾಗುತ್ತದೆ? ಟೈರಿನ ಎರಡು ಅಂಚುಗಳು ಬೇಗ ಸವೆಯುತ್ತವೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಇವು ಹಣದ ನಷ್ಟ, ಇರಲಿ. ದೊಡ್ಡ ಅಪಾಯ ಬಿಸಿಯದು. ಗಾಳಿ ಇಲ್ಲದ ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಒಳಗೊಳಗೇ ಕಾಯುತ್ತವೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗಿ ತುಂಡಾಗುವುದನ್ನು ನೋಡಿದ್ದೀರಲ್ಲ? ಹಾಗೆಯೇ. ಭಾರ ಹೆಚ್ಚಿದ್ದು, ವೇಗವೂ ಇದ್ದರೆ ಟೈರು ಒಡೆಯುತ್ತದೆ. ಗಾಳಿ ಅತಿಯಾದರೂ ಒಳ್ಳೆಯದಲ್ಲ. ಆಗ ನಡುಭಾಗ ಮಾತ್ರ ನೆಲಕ್ಕೆ ತಾಗಿ ಅಲ್ಲೇ ಸವೆಯುತ್ತದೆ, ಹಿಡಿತ ಕಡಿಮೆಯಾಗುತ್ತದೆ.

ಇನ್ನು ಗ್ರಿಪ್ಪಿನ ಮಾತು. ಒಂದು ಕಾರಿನ ಟೈರು ರಸ್ತೆಗೆ ತಾಗಿರುವುದು ಹೆಚ್ಚುಕಡಿಮೆ ನಮ್ಮ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ. ನಾಲ್ಕು ಅಂಗೈಗಳ ಮೇಲೆ ಇಡೀ ಸಂಸಾರ! ಆ ಅಂಗೈಯ ಗೆರೆಗಳೇ ಟೈರಿನ ಗೆರೆಗಳು. ಒಣ ರಸ್ತೆಯಲ್ಲಿ ಅವುಗಳ ಬೆಲೆ ಅಷ್ಟಾಗಿ ತಿಳಿಯದು. ನೀರು ನಿಂತ ರಸ್ತೆಯಲ್ಲಿ ಆ ಗೆರೆಗಳು ಚಕ್ರದ ಕೆಳಗಿನ ನೀರನ್ನು ಆಚೀಚೆ ದಬ್ಬಿ, ರಬ್ಬರು ನೆಲ ಮುಟ್ಟುವಂತೆ ಮಾಡುತ್ತವೆ. ಗೆರೆ ಸವೆದಿದ್ದರೆ ನೀರು ಹೋಗಲು ದಾರಿ ಇಲ್ಲ. ಆಗ ಟೈರು ನೀರಿನ ಪದರದ ಮೇಲೆ ತೇಲುತ್ತದೆ. ಬ್ರೇಕ್ ತುಳಿದರೂ ನಿಲ್ಲುವುದಿಲ್ಲ, ಸ್ಟಿಯರಿಂಗ್ ತಿರುಗಿಸಿದರೂ ತಿರುಗುವುದಿಲ್ಲ. ಪಾಚಿ ಕಟ್ಟಿದ ಅಂಗಳದಲ್ಲಿ ಸವೆದ ಹವಾಯಿ ಚಪ್ಪಲಿ ಹಾಕಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಸ ಕಾರಿನ ಟೈರಿನ ಗೆರೆ ಸುಮಾರು 8 ಮಿಲಿಮೀಟರ್ ಆಳ ಇರುತ್ತದೆ. 1.6 ಮಿಲಿಮೀಟರಿಗೆ ಇಳಿದರೆ ಆ ಟೈರು ರಸ್ತೆಗೆ ಯೋಗ್ಯವಲ್ಲ ಎನ್ನುತ್ತವೆ ನಮ್ಮ ದೇಶದ ಮೋಟಾರು ವಾಹನ ನಿಯಮಗಳು. ಸ್ಕೂಟರ್, ಬೈಕುಗಳಿಗೆ 0.8. ಇದನ್ನು ಅಳೆಯಲು ಉಪಕರಣವೇ ಬೇಕೆಂದಿಲ್ಲ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಬ್ಬಗಳಿರುತ್ತವೆ. ಅವು ಎಲ್ಲಿವೆ ಎಂದು ತೋರಿಸಲು ಟೈರಿನ ಭುಜದ ಮೇಲೆ ಪುಟ್ಟ ತ್ರಿಕೋನ ಅಥವಾ 'ಟಿಡಬ್ಲ್ಯೂಐ' ಎಂಬ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಟೈರಿನ ಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಅದರ ಆಯುಷ್ಯ ಮುಗಿಯಿತು. ಇನ್ನೂ ಸುಲಭದ ದಾರಿ ಬೇಕೆ? ಒಂದು ಬೆಂಕಿಕಡ್ಡಿಯನ್ನು ಗೆರೆಯೊಳಗೆ ನಿಲ್ಲಿಸಿ, ಉಗುರಿನಿಂದ ಗುರುತು ಮಾಡಿ, ಮಕ್ಕಳ ಸ್ಕೇಲಿನ ಮೇಲೆ ಇಟ್ಟು ನೋಡಿ. ಹೊರಗಿನ ಅಂಚು, ನಡು, ಒಳಗಿನ ಅಂಚು, ಹೀಗೆ ಮೂರು ಕಡೆ ನೋಡಬೇಕು. ಮಳೆ ಹೆಚ್ಚಿರುವ ನಮ್ಮ ಕಡೆಯವರು 1.6ರ ತನಕ ಕಾಯದೆ 3 ಮಿಲಿಮೀಟರಿಗೇ ಬದಲಿಸುವುದು ಜಾಣತನ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

2025ರ ಜನವರಿ 22ರ ನಸುಕಿನಲ್ಲಿ ನಮ್ಮ ತಾಲೂಕಿನ ಗುಳ್ಳಾಪುರದ ಬಳಿ ಲಾರಿಯೊಂದು ಕಂದಕಕ್ಕೆ ಉರುಳಿ 10 ಜನ ತೀರಿಹೋದರು. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು-ತರಕಾರಿ ತುಂಬಿಕೊಂಡು, ಆ ಸರಕಿನ ಮೇಲೆಯೇ ಕುಳಿತು ಹೊರಟಿದ್ದ ವ್ಯಾಪಾರಿಗಳು ಅವರು. ಬೇರೆ ವಾಹನಕ್ಕೆ ದಾರಿ ಬಿಡಲು ಹೋಗಿ ಹಾಗಾಯಿತು ಎಂದು ವರದಿಯಾಗಿತ್ತು. ಅದು ಟೈರಿನಿಂದಾದ ಅಪಘಾತ ಎಂದು ನಾನು ಹೇಳುತ್ತಿಲ್ಲ. ಆದರೆ ಆ ದಿನದಿಂದ ನಮ್ಮ ಕಡೆಯ ಹೆಂಗಸರಿಗೆ ಆ ರಸ್ತೆಯ ಹೆಸರು ಕೇಳಿದರೆ ಎದೆ ಹಿಡಿದಂತಾಗುತ್ತದೆ. ಬೆಳಿಗ್ಗೆ ದುಡಿಯಲು ಹೊರಟವರು ಅವರು. ಅವರ ಮನೆಗಳಲ್ಲೂ ಯಾರೋ ಬಾಗಿಲಲ್ಲಿ ನಿಂತಿದ್ದರಲ್ಲವೇ?

ಅದೇ ವರ್ಷದ ಮಳೆಗಾಲದಲ್ಲಿ ನನ್ನ ನಾದಿನಿಯ ನಿಶ್ಚಿತಾರ್ಥ ಅಂಕೋಲೆಯಲ್ಲಿ ಗೊತ್ತಾಗಿತ್ತು. ಗಂಡಿನ ಮನೆಯವರಿಗೆ ಹನ್ನೊಂದಕ್ಕೆ ಬರುತ್ತೇವೆ ಎಂದು ಮಾತು ಕೊಟ್ಟಾಗಿತ್ತು. ನಮ್ಮ ಸಣ್ಣ ಕಾರಿಗೆ ಎಲ್ಲರೂ ಹಿಡಿಯುವುದಿಲ್ಲವೆಂದು ಒಂದು ಬಾಡಿಗೆ ಗಾಡಿ ಬಂತು. ಹಿಂದಿನ ರಾತ್ರಿಯಿಂದ ಸುರಿದ ಮಳೆ ನಿಂತಿರಲಿಲ್ಲ. ಹೆಂಗಸರು, ಮಕ್ಕಳು, ಮಿಠಾಯಿ ಡಬ್ಬಗಳು, ಬಟ್ಟೆಯ ತಟ್ಟೆಗಳು ಎಲ್ಲ ಹತ್ತಬೇಕು. ನಾನು ಛತ್ರಿ ಹಿಡಿದು ಗಾಡಿಯ ಸುತ್ತ ಬಂದೆ. ಅಬ್ಬಾನಿಂದ ಬಂದ ಅಭ್ಯಾಸ. ಹಿಂದಿನ ಎರಡೂ ಟೈರುಗಳು ಬೋಳು. ಒಂದರ ಒಳ ಅಂಚಿನಲ್ಲಿ ತಂತಿ ಇಣುಕುತ್ತಿತ್ತು.

ಡ್ರೈವರ್ ಇಪ್ಪತ್ತೈದರ ಹುಡುಗ. "ಅಕ್ಕಾ, ಇನ್ನೊಂದು ತಿಂಗಳು ಓಡ್ತದೆ. ನಿನ್ನೆ ತಾನೇ ಗೋಕರ್ಣಕ್ಕೆ ಹೋಗಿ ಬಂದಿದ್ದೆ" ಎಂದ.

"ಈ ಟೈರಲ್ಲಿ ಅರಬೈಲ್ ಇಳಿಯೋದು ಬೇಡ" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಜಗಲಿಯಲ್ಲಿ ನಿಂತಿದ್ದ ಚಾಚಾ, ಅಂದರೆ ನಮ್ಮವರ ಚಿಕ್ಕಪ್ಪ, ನನ್ನತ್ತ ನೋಡಲಿಲ್ಲ. ನಮ್ಮವರನ್ನು ನೋಡಿ, "ಗಾಡಿ ವಿಷಯ ಹೆಂಗಸರಿಗೆ ಯಾಕೆ? ಶುಭ ಕೆಲಸಕ್ಕೆ ಹೊರಟಾಗ ಅಡ್ಡಮಾತು ಒಳ್ಳೆಯದಲ್ಲ. ಅಲ್ಲಾಹನ ಮೇಲೆ ಭರವಸೆ ಇಟ್ಟು ಹತ್ತಿ" ಎಂದರು.

ಹೆಣ್ಣುಮಗಳ ಸಂಬಂಧದ ಮಾತು. ತಡವಾದರೆ ಗಂಡಿನ ಕಡೆಯವರು ಏನು ತಿಳಿದುಕೊಂಡಾರು? ಹಿರಿಯರಿಗೆ ಎದುರು ಮಾತಾಡಿದ ಸೊಸೆ ಎಂಬ ಹೆಸರು ಎಷ್ಟು ವರ್ಷ ಉಳಿದೀತು? ನಾದಿನಿ ಮುಖ ಸಣ್ಣದು ಮಾಡಿ ನಿಂತಿದ್ದಳು. ಇವೆಲ್ಲ ನನಗೂ ಗೊತ್ತಿದ್ದದ್ದೇ. ಆದರೂ ಮಕ್ಕಳಿಬ್ಬರ ಕೈ ಬಿಡಲಿಲ್ಲ. "ಚಾಚಾ, ಒಂಟೆ ಕಟ್ಟಿಯೇ ಭರವಸೆ ಇಡಬೇಕು ಅಂತ ನೀವೇ ಮಕ್ಕಳಿಗೆ ಹೇಳಿಕೊಡ್ತೀರಿ. ಇದು ಕಟ್ಟದ ಒಂಟೆ" ಎಂದೆ. ಯಾರೂ ಮಾತಾಡಲಿಲ್ಲ. ಕೊನೆಗೆ ಅತ್ತೆ ಒಳಗಿನಿಂದ ಬಂದು, "ಅವಳು ಡ್ರೈವರ್ ಮಗಳು. ಹೇಳ್ತಾಳೆ ಅಂದ್ರೆ ಏನೋ ಇರ್ತದೆ. ನಾನೂ ಹತ್ತೋದಿಲ್ಲ" ಎಂದು ಕುರ್ಚಿ ಎಳೆದು ಕುಳಿತುಬಿಟ್ಟರು.

ಹುಡುಗನನ್ನು ಬೈದು ಓಡಿಸುವುದು ಸುಲಭವಿತ್ತು. ಪಕ್ಕಕ್ಕೆ ಕರೆದು ಕೇಳಿದಾಗ ತಿಳಿಯಿತು, ಗಾಡಿಯ ಸಾಲದ ಕಂತು ತಪ್ಪಬಾರದೆಂದು ಟೈರಿನ ಹಣವನ್ನು ಎರಡು ತಿಂಗಳಿಂದ ಮುಂದೂಡುತ್ತಿದ್ದ. ಅವನಿಗೂ ಮನೆಯಲ್ಲಿ ಹಸುಗೂಸು. ಬೋಳು ಟೈರಿನ ಹಿಂದೆ ಹೆಚ್ಚಿನ ಸಲ ಇರುವುದು ಅಹಂಕಾರವಲ್ಲ, ಖಾಲಿ ಜೇಬು. ನಮ್ಮವರು ಅಂದಿನ ಬಾಡಿಗೆಯ ಜೊತೆಗೆ, ಮುಂದೆ ಮದುವೆಯ ಓಡಾಟಕ್ಕೂ ಇದೇ ಗಾಡಿ ಎಂದು ಹೇಳಿ ಮುಂಗಡ ಕೊಟ್ಟರು. ಅಂಕೋಲೆಗೆ ಹೋಗಬೇಕಾದ ಗಾಡಿ ಮೊದಲು ಖಾಲಿಯಾಗಿ ಯಲ್ಲಾಪುರಕ್ಕೆ ನಿಧಾನವಾಗಿ ಹೋಗಿ ಹಿಂದಿನ ಎರಡು ಟೈರು ಹೊಸದು ಹಾಕಿಸಿಕೊಂಡು ಬಂತು. ಗಂಡಿನ ಮನೆಗೆ ಫೋನು ಮಾಡಿ ವಿಷಯ ಇದ್ದಂತೆ ಹೇಳಿದೆವು. ತಲುಪಿದಾಗ ಒಂದೂವರೆ ಗಂಟೆ. ಬಿರಿಯಾನಿ ಆರಿತ್ತು. ಗಂಡಿನ ತಾಯಿ ಬಾಗಿಲಲ್ಲಿ ನಿಂತು, "ತಡವಾದರೂ ಬಂದಿರಲ್ಲ, ಅದೇ ಸಾಕು" ಎಂದರು.

ದಾರಿಯಲ್ಲಿ ಏನೂ ಆಗಲಿಲ್ಲ. ಘಟ್ಟದ ಒಂದು ತಿರುವಿನಲ್ಲಿ ಮೇಲಿನಿಂದ ಕೆಸರುನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿತ್ತು. ಹುಡುಗ ಎರಡನೇ ಗೇರಿನಲ್ಲಿ ಮೆಲ್ಲಗೆ ದಾಟಿಸಿದ, ಅಷ್ಟೇ. ಚಾಚಾ ಇಂದಿಗೂ, "ಆ ಹಳೇ ಟೈರಲ್ಲೂ ಏನೂ ಆಗ್ತಿರಲಿಲ್ಲ" ಎನ್ನುತ್ತಾರೆ. ಆಗುತ್ತಿರಲಿಲ್ಲವೇನೋ. ಅವರ ಮಾತನ್ನು ಸುಳ್ಳೆಂದು ತೋರಿಸಲು ನನ್ನಲ್ಲಿ ಸಾಕ್ಷಿ ಇಲ್ಲ. ಮುನ್ನೆಚ್ಚರಿಕೆಯ ಕಷ್ಟ ಇದೇ. ಪೋಲಿಯೋ ಹನಿ ಹಾಕಿಸಿಕೊಂಡ ಮಗು ಆರೋಗ್ಯವಾಗಿದ್ದರೆ ಯಾರೂ ತಾಯಿಯನ್ನು ಹೊಗಳುವುದಿಲ್ಲ. ಏನೂ ಆಗದೆ ಹೋದದ್ದು ಯಾರ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ನಾವು ಹೆಂಗಸರು ಮನೆಯಲ್ಲಿ ದಿನವಿಡೀ ಮಾಡುವ ಕೆಲಸವೂ ಬಹುಪಾಲು ಅಂಥದ್ದೇ ಅಲ್ಲವೇ?

ಎರಡೇ ಟೈರು ಹೊಸದು ಹಾಕಿಸುವಾಗ ಅವನ್ನು ಹಿಂದಕ್ಕೇ ಹಾಕಿಸಬೇಕೆಂಬುದು ಟೈರು ತಯಾರಕರ ಸಲಹೆ. ಮುಂದಿನ ಚಕ್ರ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ವೇಗ ತಗ್ಗಿಸಿದರೆ ಸಾಮಾನ್ಯವಾಗಿ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಪಳಗಿದ ಡ್ರೈವರನಿಗೂ ಸಂಭಾಳಿಸುವುದು ಕಷ್ಟ. ಟೈರು ಕೊಳ್ಳುವಾಗ ಅದರ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗೆರೆ ಆಳವಾಗಿಯೇ ಇದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ. ಐದಾರು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು, ಹತ್ತು ವರ್ಷವಾದದ್ದನ್ನು ಹೇಗೇ ಕಾಣಲಿ ಬಿಟ್ಟುಬಿಡಬೇಕು. ಬದಿಯಲ್ಲಿ ಬಿರುಕು, ಉಬ್ಬು, ಕೊಯ್ದ ಗಾಯ ಕಂಡರೆ ತಡಮಾಡಬಾರದು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ಥಟ್ಟನೆ ಹೋಗದೆ ದಿನಗಟ್ಟಲೆ ಸೋರುವುದುಂಟು. ಒಂದೇ ಚಕ್ರದಲ್ಲಿ ಪದೇ ಪದೇ ಗಾಳಿ ಕಡಿಮೆಯಾಗುತ್ತಿದ್ದರೆ ಪಂಚರ್ ಅಂಗಡಿಗೆ ಒಯ್ಯಿರಿ. ನಿಪ್ಪಲ್ಲಿನ ಪುಟ್ಟ ಮುಚ್ಚಳ ಕಳೆದಿದ್ದರೆ ಹೊಸದು ಹಾಕಿಸಿ. ಕೆಸರು ಒಳಗೆ ಹೋದರೆ ಅಲ್ಲಿಂದಲೂ ಗಾಳಿ ಸೋರುತ್ತದೆ.

ಈ ಗಾಳಿ ತುಂಬಿದ ಟೈರಿನ ಹುಟ್ಟಿನಲ್ಲಿಯೂ ಒಬ್ಬ ಮಗನ ಕಥೆ ಇದೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲಿಗೆ ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿಸಿದ. ಅದಕ್ಕೂ ಮುಂಚೆ 1845ರಲ್ಲೇ ರಾಬರ್ಟ್ ಥಾಮ್ಸನ್ ಎಂಬವರು ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬಂದಿರಲಿಲ್ಲ. ಕಲ್ಲುಹಾಸಿನ ಬೀದಿಯಲ್ಲಿ ಮಗನ ಮೈ ಕುಲುಕಬಾರದೆಂದು ಒಬ್ಬ ತಂದೆ ಮಾಡಿದ ಕೆಲಸವೇ ಲೋಕದ ರಸ್ತೆಗಳಿಗೆಲ್ಲ ಹಬ್ಬಿತು. ಟೈರಿನಲ್ಲಿ ತುಂಬಿರುವುದು ಬರೀ ಗಾಳಿಯಲ್ಲ ಎಂದು ನನಗೆ ಆಗಾಗ ಅನಿಸುತ್ತದೆ.

2021ರ ಜುಲೈ ಮಳೆಯಲ್ಲಿ ನಮ್ಮ ನೆರೆಯ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆಗಳೇ ಹೋದವು. ಅರಬೈಲ್ ಘಟ್ಟದಲ್ಲೂ ರಸ್ತೆ ಕುಸಿದು ಓಡಾಟ ನಿಂತಿತ್ತು. ಗುಡ್ಡವನ್ನು ಹಿಡಿದು ನಿಲ್ಲಿಸುವ ಶಕ್ತಿ ನಮಗಿಲ್ಲ. ಮಳೆಯನ್ನು, ಎದುರಿನಿಂದ ಬರುವ ಲಾರಿಯನ್ನು, ರಸ್ತೆಯ ಹೊಂಡವನ್ನು ಸರಿಮಾಡುವುದೂ ನಮ್ಮ ಕೈಯಲ್ಲಿಲ್ಲ. ಆದರೆ ನಾಲ್ಕು ಅಂಗೈ ಅಗಲದ ಆ ರಬ್ಬರು ನಮ್ಮ ಕೈಗೆ ಎಟಕುವಂಥದ್ದು. ನೋಡಲು ಹತ್ತು ನಿಮಿಷ ಸಾಕು.

ಸಹೋದರಿಯರೇ, ನಿಮಗೆ ಕಾರು ಓಡಿಸಲು ಬರಬೇಕೆಂದಿಲ್ಲ. ಕಾರು ಇರಲೇಬೇಕೆಂದೂ ಇಲ್ಲ. ಮಗ ಕಾಲೇಜಿಗೆ ಒಯ್ಯುವ ಬೈಕು, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ರಿಕ್ಷಾ, ಮದುವೆಗೆ ಬಂದು ನಿಲ್ಲುವ ಬಾಡಿಗೆ ಗಾಡಿ, ಇವುಗಳಿಗೂ ಟೈರಿದೆ. ಬಗ್ಗಿ ನೋಡಿ. ಬೋಳಾಗಿದ್ದರೆ ಮೆಲ್ಲಗೆ ಹೇಳಿ, ಕೇಳದಿದ್ದರೆ ಗಟ್ಟಿಯಾಗಿ ಹೇಳಿ. ನನ್ನ ಒಂಬತ್ತು ವರ್ಷದ ಮಗಳು ಈಗ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ನಮ್ಮ ಕಾರಿನ ಐದೂ ಚಕ್ರಗಳ ಗಾಳಿ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುತ್ತಾಳೆ. ಹಾಲಿನ ಲೆಕ್ಕದ ಪಕ್ಕದಲ್ಲೇ ಅದರ ಲೆಕ್ಕ. ಈ ತಿಂಗಳು ಎಡಗಡೆಯ ಹಿಂದಿನದು ಎರಡು ಪೌಂಡ್ ಕಡಿಮೆ ಇತ್ತು. ನಾಳೆ ಯಲ್ಲಾಪುರಕ್ಕೆ ಹೋದಾಗ ಹಾಕಿಸಬೇಕು.